ಶಾರವ್ವನ ಅಳತೆ ನೂಲು

ಮೊದಲೇ ಹೇಳಿಬಿಡುತ್ತೇನೆ, ನಾನು ಸುಳ್ಳು ಹೇಳುವವನು. ಸವಣೂರಿನ ಬಸ್‌ ಸ್ಟ್ಯಾಂಡಿನಲ್ಲಿ ಯಾರನ್ನು ಬೇಕಾದರೂ ಕೇಳಿ, ಮೈಲಾರಿ ಎಂದರೆ ಬುರುಡೆ ಎನ್ನುತ್ತಾರೆ. ಹಾನಗಲ್ಲಿನಲ್ಲಿ ನಾನು ಕಟ್ಟಿದ ಮಣ್ಣಿನ ಗೋಡೆಗೆ ಕೋಣ ಹಾಯ್ದು ಅದರ ಕೋಡು ಮುರಿಯಿತು ಎಂದು ಹೇಳಿಕೊಂಡು ತಿರುಗುತ್ತೇನೆ. ಅದು ಸುಳ್ಳು. ಮುರಿದದ್ದು ಗೋಡೆ. ತಡಸದಲ್ಲಿ ನಾನು ತುಳಿದ ಕೆಸರಿನಲ್ಲಿ ಒಂದು ಟ್ರ್ಯಾಕ್ಟರು ಮುಳುಗಿ ಮೂರನೇ ದಿನ ಶಿಗ್ಗಾಂವಿಯಲ್ಲಿ ಎದ್ದಿತು ಎನ್ನುತ್ತೇನೆ. ಅದೂ ಸುಳ್ಳು. ಆದರೆ ಈಗ ಹೇಳುವುದು ನಡೆದದ್ದು. ಇದರಲ್ಲಿ ಒಂದು ಮಾತು ಸುಳ್ಳಾದರೂ, ಮಣ್ಣು ತುಳಿದು ಅನ್ನ ತಿಂದ ಈ ಎರಡು ಕಾಲು ಮೊಣಕಾಲಿನವರೆಗೆ ಹುಳ ಬಿದ್ದು ಉದುರಿ ಹೋಗಲಿ. ನೋಡಿ, ಎರಡೂ ಇನ್ನೂ ಇವೆ.

ನಿಮ್ಮ ಕೈಯಲ್ಲಿರುವ ನಕ್ಷೆಯ ಸುರುಳಿ ಈಗಲೇ ಬಿಚ್ಚಬೇಡಿ. ಬದಿಗಿಡಿ. ಚಹಾ ಕುಡಿಯಿರಿ. ಕೇಳಿ.

ನಮ್ಮವ್ವ ಚೌಡವ್ವ ಸವಣೂರಿನ ಓಣಿಗಳಲ್ಲಿ ಬುಟ್ಟಿ ಹೊತ್ತವಳು. ಬುಟ್ಟಿಯಲ್ಲಿ ಏನಿತ್ತು ಎಂದು ಕೇಳಬೇಡಿ. ನೀವು ಬೆಳಿಗ್ಗೆ ಎದ್ದು ಬಿಟ್ಟು ಬರುವುದು ಇತ್ತು. ಸಾಯುವ ಮುಂಚೆ ನನ್ನ ಅಕ್ಕ ಶಾರವ್ವನ ಕೈ ಹಿಡಿದುಕೊಂಡು ಹೇಳಿದಳು: "ಮಣ್ಣು ಹೊರು. ಕಲ್ಲು ಹೊರು. ಬುಟ್ಟಿ ಮುಟ್ಟಬ್ಯಾಡ ಮಗಳ." ಅಕ್ಕ ಮುಟ್ಟಲಿಲ್ಲ. ನಾನೂ ಮುಟ್ಟಲಿಲ್ಲ. ನಾಗಪ್ಪ ಎಂಬ ಮುದುಕ ಮಣ್ಣಿನ ಗೋಡೆ ಕಟ್ಟುತ್ತಿದ್ದ. ಅವನ ಕೈ ಕೆಳಗೆ ಸೇರಿ ಇಬ್ಬರೂ ಕೆಲಸ ಕಲಿತೆವು. ಅಕ್ಕ ಮಣ್ಣು ತುಳಿಯುತ್ತಾಳೆ. ನಾನು ಮುದ್ದೆಯ ಮೇಲೆ ಮುದ್ದೆ ಇಟ್ಟು ಗೋಡೆ ಎಬ್ಬಿಸುತ್ತೇನೆ.

ನಾಗಪ್ಪನಿಂದ ಬಂದ ಒಂದು ಪದ್ಧತಿ ಇದೆ. ಬಾಗಿಲು ಇಡುವ ಮೊದಲು ಆ ಮನೆಯೊಳಗೆ ದುಡಿಯುವ ಹೆಂಗಸಿನ ಮೈಗೆ ನೂಲು ಹಿಡಿಯುತ್ತೇವೆ. ನೆತ್ತಿಗೆ ಒಂದು ಗಂಟು. ಭುಜಕ್ಕೆ ಒಂದು. ಬಗ್ಗಿದರೆ ಬೆನ್ನಿಗೆ ಒಂದು, ಅದು ಒಳಗಿನ ಗೂಡಿನ ಎತ್ತರಕ್ಕೆ. ಆ ನೂಲಿನ ಅಳತೆಗೆ ಬಾಗಿಲು. ಕೆಲಸ ಮುಗಿದ ಮೇಲೆ ನೂಲನ್ನು ಬಾಗಿಲ ನೆತ್ತಿಯ ಹಸಿ ಮಣ್ಣಿನಲ್ಲಿ ಒತ್ತಿಬಿಡುತ್ತೇವೆ. ಆಮೇಲೆ ಆ ಬಾಗಿಲು ಅವಳದು. ಗಂಡ ಹೊಡೆದು ಹೊರಗೆ ಹಾಕಿದರೂ ಬಾಗಿಲು ಯಾರದೆಂದು ಓಣಿಗೆ ಗೊತ್ತಿರುತ್ತದೆ.

ಇಷ್ಟು ಜನಕ್ಕೆ ಬಾಗಿಲು ಇಟ್ಟ ನಮ್ಮಕ್ಕನಿಗೆ ಬಾಗಿಲು ಇರಲಿಲ್ಲ. ನಲವತ್ತೆಂಟು ವರ್ಷ. ಗಂಡ ಸತ್ತು ಹದಿನೈದು ವರ್ಷ. ತಗಡಿನ ಗುಡಿಸಲು. ಬಾಗಿಲಿನ ಜಾಗದಲ್ಲಿ ಗೋಣಿತಾಟು. ಗಾಳಿ ಬಂದರೆ ತಾಟು ಏಳುತ್ತದೆ, ಓಣಿಯ ನಾಯಿ ಅವಳ ಮುಖ ನೋಡುತ್ತದೆ.

ಹಾನಗಲ್ಲಿನಲ್ಲಿ ಒಬ್ಬರ ದನದ ಕೊಟ್ಟಿಗೆ ಕಟ್ಟುತ್ತಿದ್ದಾಗ ಚನ್ನೇಶ ಬಂದ. ಹಿರೇಕೆರೂರಿನ ಹತ್ತಿ ವ್ಯಾಪಾರಿಗಳ ಮನೆಯವನು. ಕಟ್ಟಡದ ನಕ್ಷೆ ಬರೆಯುವ ಸಾಹೇಬ. ಖಾದಿ ಅಂಗಿ, ಬರಿಗಾಲು. ಚಪ್ಪಲಿ ಕಾರಿನಲ್ಲಿ. ನಾವು ನೂಲು ಹಿಡಿಯುವುದನ್ನು ಮೊಬೈಲಿನಲ್ಲಿ ಹಿಡಿದುಕೊಂಡ. ಅವನ ಕಣ್ಣಲ್ಲಿ ನೀರು ಬಂತು. ಆಣೆ ಮಾಡಿದ್ದೇನೆ, ನಿಜವಾಗಿಯೂ ಬಂತು.

"ಏನ್ ಚಲೋ ಪದ್ಧತಿ ಅಲ್ರಿ ಇದು! ಮೈ ಅಳತಿಗೆ ಬಾಗ್ಲಾ! ನಿಮ್ಮಂಥಾವ್ರನ್ನ ಒಂದ್ ವರ್ಷದಿಂದ ಹುಡುಕ್ಯಾಡಾಕತ್ತೇನಿ ನಾನು."

ನಮಗೆ ಮಣ್ಣು ತಂದುಕೊಡುವ ಟಿಪ್ಪರಿನ ಅಕ್ಬರಸಾಬ ಬೀಡಿ ಸೇದುತ್ತ ಕುಳಿತಿದ್ದ. "ಹುಡುಕ್ಯಾಡಾಕ ನಾವೇನ್ ತಪ್ಪಿಸ್ಕೊಂಡ್ ಎಮ್ಮಿ ಏನ್ರಿ ಸಾಹೇಬ್ರ?" ಎಂದ.

ಚನ್ನೇಶ ನಕ್ಕ. ಆಮೇಲೆ ಹೇಳಿದ. "ಸಮುದ್ರದ ದಂಡಿಗೆ ಒಂದ್ ಹಳೇ ಕೋಟಿ ಐತಿ. ನೋಡಾಕ ಬರೋ ಮಂದಿಗೆ ಒಂದ್ ಕೇಂದ್ರ ಕಟ್ಟಾಕತ್ತೇವಿ. ಸಿಮೆಂಟ್ ಇಲ್ಲ, ಎ.ಸಿ. ಇಲ್ಲ. ಬರೇ ಮಣ್ಣು. ಭೂಮಿಗಿ ಭಾರ ಆಗಬಾರ್ದು. ಸಮುದಾಯದ ಕಟ್ಟಡ. ಅಂದ್ರ ನಿಮ್ಮದ."

"ನಮ್ಮದ ಅಂದ್ರ ಹ್ಯಾಂಗ್ರಿ?" ಅಕ್ಕ ಕೇಳಿದಳು.

"ಕಟ್ಟಿದ ಮ್ಯಾಲ ನೋಡ್ಕೊಳ್ಳಾಕ ಒಬ್ರು ಬೇಕಲ್ರಿ ಶಾರವ್ವಾರ. ಪರ್ಮನೆಂಟ್ ಕೆಲಸ. ಅಲ್ಲೇ ಒಂದ್ ಖೋಲಿ. ಬಾಗ್ಲಾ, ಚಿಲಕ ಎಲ್ಲಾ ಇರೋ ಖೋಲಿ."

ಅಕ್ಕ ತುಳಿಯುತ್ತಿದ್ದ ಕಾಲು ನಿಲ್ಲಿಸಿದಳು. ಇಪ್ಪತ್ತು ವರ್ಷದಲ್ಲಿ ಆಕೆ ಅರ್ಧ ಕೆಸರಿನಲ್ಲಿ ಕಾಲು ನಿಲ್ಲಿಸಿದ್ದನ್ನು ನಾನು ನೋಡಿರಲಿಲ್ಲ.

ಹೋದೆವು. ಹಾನಗಲ್ಲ ದಾಟಿ, ಶಿರಸಿ ದಾಟಿ, ಘಟ್ಟ ಇಳಿದು.

ಕೋಟೆ ಸಮುದ್ರದೊಳಗೆ ಮೂಗು ಚಾಚಿಕೊಂಡು ಕುಳಿತಿತ್ತು. ಕೆಂಪು ಕಲ್ಲು. ಗುತ್ತಿಗೆ ಹಿಡಿದವನು ಶಂಭುಲಿಂಗ, ಚನ್ನೇಶನ ಸೋದರಮಾವ. ಶಿಗ್ಗಾಂವಿಯಲ್ಲಿ ಹೊಲ, ಗೋದಾಮು, ಪೆಟ್ರೋಲು ಬಂಕು. ಹೊಟ್ಟೆ ಮೊದಲು ಬಂದು ಅವನು ಆಮೇಲೆ ಬರುತ್ತಿದ್ದ. ನಮ್ಮನ್ನು ನೋಡಿ ಚನ್ನೇಶನಿಗೆ ಹೇಳಿದ: "ಇವ್ರ ಏನ? ನೀರಿನ ಕೊಡದ ಕಡೆ ಬಿಡಬ್ಯಾಡ." ನಮಗೆ ಕೇಳಿಸುವಂತೆಯೇ ಹೇಳಿದ. ಮೊಳೆಗೆ ಒಂದು ಅರ್ಧ ಕತ್ತರಿಸಿದ ಪ್ಲಾಸ್ಟಿಕ್ ಬಾಟಲಿ ನೇತುಹಾಕಿಸಿದ. ಅಡುಗೆಯವನು ಮೇಲಿನಿಂದ ನೀರು ಸುರಿಯುತ್ತಿದ್ದ. ಬಾಟಲಿ ತುಂಬುವುದಕ್ಕಿಂತ ಹೆಚ್ಚು ನಮ್ಮ ಎದೆಯ ಮೇಲೆ ಬೀಳುತ್ತಿತ್ತು. ಚನ್ನೇಶ ನೋಡುತ್ತಿದ್ದ. ನೋಡಿ ಸಮುದ್ರದ ಕಡೆ ತಿರುಗುತ್ತಿದ್ದ. ಸಮುದ್ರ ಇದ್ದರೆ ಇದೊಂದು ಅನುಕೂಲ, ಯಾವಾಗ ಬೇಕಾದರೂ ತಿರುಗಿ ನೋಡಬಹುದು.

ಅಲ್ಲಿನ ಮಣ್ಣು ಬರೀ ಹರಳು. ಕಚ್ಚುವುದಿಲ್ಲ, ನಿಲ್ಲುವುದಿಲ್ಲ. ಜಿಗುಟು ಬೇಕು ಎಂದೆ. ಚನ್ನೇಶ ಹಿರೇಕೆರೂರಿನ ಕಡೆಯ ಕೆರೆಯ ಹೂಳು ತರಿಸಿದ. ಅಕ್ಬರಸಾಬ ಮೂವತ್ತೊಂದು ಸಲ ಘಟ್ಟ ಇಳಿದ.

"ಭೂಮಿಗಿ ಭಾರ ಆಗಬಾರ್ದಂತ," ಎಂದು ಟಿಪ್ಪರಿನ ಕಿಟಕಿಯಿಂದ ಹೊರಗೆ ಉಗುಳಿದ. "ನನ್ನ ಗಾಡಿಗೆ ಆದ್ರ ನಡೀತೈತಿ. ಡೀಸೆಲ್ ಏನ್ ಸಮುದ್ರದಾಗಿಂದ ತುಂಬಸ್ಕೊಂಡ್ ಬರ್ತೇನಿ ನಾ?"

ಕಪ್ಪು ಹೂಳು, ಕೆಂಪು ಹರಳು, ಭತ್ತದ ಹೊಟ್ಟು, ಬೆಲ್ಲದ ನೀರು. ಅಕ್ಕ ಗುಂಡಿಗೆ ಇಳಿದಳು. ಬೆಳಿಗ್ಗೆ ಏಳರಿಂದ ಸಂಜೆ ಐದರವರೆಗೆ ತುಳಿದಳು. ಹರಳು ಗಾಜಿನ ಹಾಗೆ ಕೊಯ್ಯುತ್ತಿತ್ತು. ಹಿಮ್ಮಡಿ ಒಡೆದು ಬಾಯಿ ಬಿಟ್ಟಿತು. ಉಪ್ಪು ಗಾಳಿ ಆ ಬಾಯೊಳಗೆ ಹೋಗುತ್ತಿತ್ತು. ಎರಡು ಉಗುರು ಕಿತ್ತುಬಂದವು. ಸಂಜೆ ಕಾಲು ತೊಳೆದರೆ ನೀರು ಕೆಂಪು. ಮಣ್ಣಿನದೋ ರಕ್ತದ್ದೋ ಗೊತ್ತಾಗುತ್ತಿರಲಿಲ್ಲ.

"ಯಕ್ಕಾ, ಒಂದ್ ದಿನಾ ಕುಂದ್ರು."

"ಖೋಲಿ ಆಗ್ಲಿ. ಚಿಲಕಾ ಹಾಕ್ಕೊಂಡು ಮೂರ್ ದಿನಾ ಮಲಗತೇನಿ. ಯಾರ್ ಬಡದ್ರೂ ತಗಿಯಂಗಿಲ್ಲ."

ಪೂಜಾ ಎಂಬ ಹುಡುಗಿ ಕ್ಯಾಮೆರಾ ಹಿಡಿದು ಬರುತ್ತಿದ್ದಳು. ಅಕ್ಕ ಸೆರಗು ಸರಿಮಾಡಿಕೊಂಡು, ಹಣೆಯ ಬೆವರು ಒರೆಸಿಕೊಂಡು ನಿಂತಳು. ಪೂಜಾ ಚನ್ನೇಶನ ಮುಖ ನೋಡಿದಳು. ಚನ್ನೇಶ ಹೇಳಿದ: "ಮುಖಾ ಬ್ಯಾಡ. ಕಾಲ್ ಸಾಕು." ಆ ಕಾಲುಗಳನ್ನು ಬಾಗಿಲಿನಷ್ಟು ದೊಡ್ಡದಾಗಿ ಅಚ್ಚು ಹಾಕಿಸಿ ಒಳಗೆ ದೊಡ್ಡ ಹಾಲಿನ ಗೋಡೆಗೆ ಹಚ್ಚಿದರು. ಕೆಳಗೆ 'ಸಮುದಾಯದ ಹೆಜ್ಜೆ' ಎಂದು ಬರೆದಿದ್ದರು. ಆ ಹಾಲಿನ ನೆಲಕ್ಕೆ ಕೆಂಪು ಬಣ್ಣ ಹಾಕಿ ತಿಕ್ಕಿ ತಿಕ್ಕಿ ಕನ್ನಡಿ ಮಾಡಿದ್ದರು. ತಿಕ್ಕಿದ ದಿನದಿಂದ ನಮಗೆ ಮುಂಬಾಗಿಲು ಬಂದ್. ಹಿಂದಿನಿಂದ ಬರಬೇಕು. ಕಾಲಿಗೆ ಮಣ್ಣು ಇರುತ್ತದಲ್ಲ, ಅದಕ್ಕೆ.

ಒಂದು ದಿನ ಚನ್ನೇಶ ಪುಸ್ತಕ, ಪೆನ್ಸಿಲು ಹಿಡಿದು ಬಂದ.

"ಶಾರವ್ವಾರ, ನಿಮ್ಮ ಅಳತಿ ತಗೊಳ್ಳೂಣ್ರಿ. ನಿಮ್ಮ ಪದ್ಧತಿ ಪ್ರಕಾರ."

ಅಕ್ಕ ನನ್ನ ಮುಖ ನೋಡಿದಳು. ಆ ಮುಖ ನಾನು ಸಾಯುವವರೆಗೂ ಮರೆಯುವುದಿಲ್ಲ. ಮದುವೆಯ ದಿನವೂ ಆಕೆ ಹಾಗೆ ನಾಚಿರಲಿಲ್ಲ. ನಾನೇ ನೂಲು ಹಿಡಿದೆ. ನಿಲ್ಲಿಸಿ ಅಳೆದೆವು. ನೆತ್ತಿಗೆ ಗಂಟು. ಭುಜಕ್ಕೆ ಗಂಟು.

"ಬಗ್ರಿ," ಎಂದ ಚನ್ನೇಶ. ಬಗ್ಗಿದಳು.

"ಇನ್ನೂ ಬಗ್ರಿ. ಮೊಳಕೈ ಅಗಲ ಮಾಡ್ರಿ. ಒಂದ್ ಡಬ್ಬಿ ಎಳೀತೀರಿ ಅಂತ ತಿಳ್ಕೊಳ್ರಿ."

ಅಕ್ಕ ನಗುತ್ತ ಎಳೆದಳು. ಅಕ್ಬರಸಾಬ ಕೂಗಿದ: "ಶಾರವ್ವಾ, ಹಿಟ್ಟಿನ ಡಬ್ಬಿ ಏನ, ಎಣ್ಣಿ ಡಬ್ಬಿ? ಹೊಸಾ ಮನ್ಯಾಗ ಮೊದಲ ನನಗ ಊಟ!"

ಚನ್ನೇಶ ಬರೆದುಕೊಂಡ. ಹಿಂದಿನ ಗೋಡೆ ತೋರಿಸಿ ನನಗೆ ಹೇಳಿದ: "ಈ ಅಳತಿಗೆ ಇಲ್ಲಿ ನಾಕು ಸಣ್ಣ ಬಾಗ್ಲಾ. ಅಗಲ ಭುಜದ್ದು, ಎತ್ತರ ಬಗ್ಗಿದ ಬೆನ್ನಿಂದು. ಗೊಬ್ಬರದ ಕೋಣಿಗೆ."

ಆಗಲೇ ನನಗೆ ತಿಳಿಯಬೇಕಿತ್ತು. ಬಗ್ಗಿದ ಬೆನ್ನಿನ ಎತ್ತರಕ್ಕೆ ಯಾರೂ ಬಾಗಿಲು ಇಡುವುದಿಲ್ಲ. ಬೇರೆ ಯಾವ ಗೌಂಡಿಯಾದರೂ ಇದು ಯಾತಕ್ಕೆ ಎಂದು ಕೇಳುತ್ತಿದ್ದ. ನಾನು ಕೇಳಲಿಲ್ಲ. ಅಕ್ಕನ ಮೈಗೆ ನೂಲು ಹಿಡಿದಾಗಿದೆ, ಅಂದರೆ ಅಕ್ಕನಿಗೆ ಬಾಗಿಲು ಸಿಕ್ಕಂತೆ. ನಮ್ಮ ಲೆಕ್ಕದಲ್ಲಿ ಅದು ತಪ್ಪುವ ಮಾತೇ ಅಲ್ಲ. ನಾಕು ಸಣ್ಣ ಬಾಗಿಲು ಯಾತಕ್ಕಾದರೂ ಇರಲಿ, ಕೊನೆಗೆ ಅದೇ ನೂಲಿನ ನೆತ್ತಿಯ ಗಂಟಿಗೆ ಖೋಲಿಯ ಬಾಗಿಲು ಬರುತ್ತದೆ ಎಂದುಕೊಂಡೆ. ನಾಕು ಬಾಗಿಲನ್ನೂ ನನ್ನ ಕೈಯಾರೆ ಚೆಂದ ಮಾಡಿ ಕಟ್ಟಿದೆ. ಅಂಚು ದುಂಡಗೆ ಮಾಡಿದೆ, ಅಕ್ಕನ ಭುಜಕ್ಕೆ ತಾಗಬಾರದೆಂದು.

ನೂಲನ್ನು ಚನ್ನೇಶ ಇಸಿದುಕೊಂಡ. ಒಳಗೆ ಹಾಲಿನಲ್ಲಿ ಗಾಜಿನ ಚೌಕಟ್ಟಿನಲ್ಲಿ ಇಟ್ಟ, ಬರುವವರಿಗೆ ತೋರಿಸಲು.

ನಾಲ್ಕನೇ ದಿನ ಅಕ್ಕ ಆ ಬಾಗಿಲಿನ ಒಳಮೈ ಸಾರಿಸಲು ಬಗ್ಗಿದಳು. ಎಡಗೈ ಒಳಗೆ ಹೋಯಿತು. ತಲೆ ಹೋಯಿತು. ಬಲಭುಜ ಓರೆಯಾಯಿತು. ಅಲ್ಲಿಗೆ ನಿಂತಳು. ಅರ್ಧ ಮೈ ಒಳಗೆ, ಅರ್ಧ ಹೊರಗೆ. ಅಲುಗಾಡಲಿಲ್ಲ.

"ಯಕ್ಕಾ, ಹಾವ್ ಐತೇನ?"

ಮೆಲ್ಲಗೆ ಹಿಂದೆ ಬಂದಳು. ಕೈಯಲ್ಲಿದ್ದ ಮಣ್ಣು ಕೆಳಗೆ ಬಿತ್ತು. ನೆಲಕ್ಕೆ ಕುಳಿತಳು.

"ತಮ್ಮಾ, ಈ ಬಾಗ್ಲಾ ನನಗ ಗೊತ್ತೈತಿ."

"ಯಾವ್ ಬಾಗ್ಲಾ? ಮೊನ್ನಿ ಕಟ್ಟೇನಿ ನಾನು."

"ಸವಣೂರಾಗ ಪ್ಯಾಟಿ ಓಣಿ ಮನಿಗೋಳ ಹಿಂದ ಇರ್ತಿತ್ತಲ್ಲ, ಅದ. ಅವ್ವನ ಭುಜ ಹಿಡೀತಿದ್ದಿಲ್ಲ. ಅದಕ್ಕ ನನ್ನ ಒಳಗ ಕಳಸ್ತಿದ್ಲು. ಎಡಗೈ ಮೊದಲ, ಆಮ್ಯಾಲ ತಲಿ. ತಗಡಲೇ ಬಳದು ಎಳಕೊಂಡ್ ಹಿಂದ ಬರಬೇಕು. ಆರು ವರ್ಷದಾಕಿ ಇದ್ದೆ. ನೀ ಹುಟ್ಟಿದ್ದಿಲ್ಲ. ನಾ ಮರತೇನಂತ ತಿಳಕೊಂಡಿದ್ದೆ. ಮೈ ಮರತಿಲ್ಲ."

ನಾನು ಎದ್ದು ಗೋಡೆಯ ಇನ್ನೊಂದು ಬದಿಗೆ ಹೋಗಿ ನೋಡಿದೆ. ಮೇಲೆ ನಾಕು ಕುರ್ಚಿಯಂಥ ಕಟ್ಟೆ. ನಡುವೆ ತೂತು. ತೂತಿನ ಕೆಳಗೆ ಡಬ್ಬಿ ಇಡುವ ಜಾಗ. ಡಬ್ಬಿ ಎಳೆಯಲು ನನ್ನ ಬಾಗಿಲು. ಕಟ್ಟೆಗಳನ್ನು ಬೇರೆ ಊರಿನವರು ಮೊನ್ನೆಯಷ್ಟೇ ಕೂಡಿಸಿ ಹೋಗಿದ್ದರು. ನಾವು ಹಿಂದಿನವರು, ಮುಂದೆ ಏನಾಗುತ್ತಿದೆ ಎಂದು ನೋಡಿರಲಿಲ್ಲ.

ಸೀದಾ ಚನ್ನೇಶನ ತಗಡಿನ ಆಫೀಸಿಗೆ ಹೋದೆವು. ಶಂಭುಲಿಂಗನೂ ಇದ್ದ. ಊಟ ಮಾಡುತ್ತಿದ್ದ.

"ಇಲ್ಲಿ ಬಂಡಿಗಲ್ಲು. ನೀರಿಲ್ಲ. ಕುಣಿ ತೋಡಿದ್ರ ಹೊಲಸು ಸಮುದ್ರಕ್ಕ ಹೋಗ್ತೈತಿ," ಎಂದು ಚನ್ನೇಶ ಸಮಾಧಾನದಿಂದ ಹೇಳಿದ. "ಅದಕ್ಕ ನೀರಿಲ್ಲದ ಪಾಯಖಾನಿ. ಮ್ಯಾಲ ಬೂದಿ ಹಾಕೋದು. ಎರಡ್ ದಿನಕ್ಕೊಮ್ಮೆ ಡಬ್ಬಿ ತಗದು ಗೊಬ್ಬರದ ಕೋಣ್ಯಾಗ ಸುರಿಯೋದು. ಅಷ್ಟ."

"ಯಾರ್ ತಗಿಯೋದ್ರಿ?" ಅಕ್ಕ ಕೇಳಿದಳು.

"ನೋಡ್ಕೊಳ್ಳೋರು."

"ಅಂದ್ರ ನಾನು."

"ನೀವು ತಪ್ಪ್ ತಿಳ್ಕೊಳ್ಳಾಕತ್ತೀರಿ. ಇದು ಆ ಬುಟ್ಟಿ ಅಲ್ರಿ. ಹಗುರ ಡಬ್ಬಿ. ಕೈಗವಸು ಕೊಡ್ತೇವಿ, ಬೂಟ್ ಕೊಡ್ತೇವಿ. ನಿಮ್ಮ ಮೈಗೆ ನೋವಾಗಬಾರ್ದಂತ ನಿಮ್ಮ ಅಳತೀಗೆ ಬಾಗ್ಲಾ ಮಾಡಿಸೇನಿ. ಮತ್ತ ನಿಮಗ ತಲಿತಲಾಂತರದಿಂದ ಬಂದ ತಿಳುವಳಿಕಿ ಐತಲ್ರಿ."

"ನಿಮ್ಮ ಮನ್ಯಾಗ ಇಂಥಾದ್ದು ಐತೇನ್ರಿ?"

ಚನ್ನೇಶ ಸಮುದ್ರದ ಕಡೆ ತಿರುಗಿದ. "ಅಲ್ಲಿ ನೀರ್ ಐತಿ," ಎಂದ.

ಶಂಭುಲಿಂಗ ಬೆರಳು ನೆಕ್ಕಿದ. "ಏನಲೇ ಇದು ಪಂಚಾಯ್ತಿ? ಮತ್ಯಾರ್ ತಗೀತಾರ? ನಾ ತಗೀಲೇನ? ಖೋಲಿ ಬೇಕಂತಿ, ಚಿಲಕಾ ಬೇಕಂತಿ. ಸುಮ್ನ ಕೊಡ್ತಾರೇನ? ನಿಮ್ಮವ್ವ ಏನ್ ಹೂ ಮಾರ್ತಿದ್ಲ?"

ನಾನು ಮುಂದೆ ಹೋದೆ. ಅಕ್ಕ ನನ್ನ ಅಂಗಿ ಹಿಡಿದು ಎಳೆದಳು. "ನನ್ನ ನೂಲು ಕೊಡ್ರಿ ಸಾಹೇಬ್ರ," ಎಂದಳು.

"ಅದು ಈಗ ಪ್ರದರ್ಶನಕ್ಕ ಐತಲ್ರಿ ಶಾರವ್ವಾರ."

ಹೊರಗೆ ಬಂದೆವು. ನಾನು ಗುದ್ದಲಿ, ಕರಣೆ ಗಂಟು ಕಟ್ಟತೊಡಗಿದೆ. ಅಕ್ಬರಸಾಬ ಟಿಪ್ಪರು ಚಾಲೂ ಮಾಡಿದ. ಅಕ್ಕ ಕೀಲಿ ಕಿತ್ತುಕೊಂಡಳು.

"ಹೋದ್ರ ನಾಳೆ ಇನ್ನೊಬ್ಬಾಕಿನ್ನ ಕರಕೊಂಡ್ ಬರ್ತಾರ. ಆಕಿಗೂ ಖೋಲಿ ಅಂತಾರ, ಆಕೀನೂ ನಕ್ಕೋಂತ ಬಗ್ಗತಾಳ. ಇಲ್ಲ. ಕೆಲಸಾ ಮುಗಿಸೂಣು. ಚಂದಂಗ ಮುಗಿಸೂಣು."

ಮರುದಿನ ಅಕ್ಕ ಚನ್ನೇಶನ ಮುಂದೆ ಕೈ ಮುಗಿದು ನಿಂತಳು. ಬೆಣ್ಣೆಯಂಥ ಮಾತು. "ತಪ್ಪಾತ್ರಿ ಸಾಹೇಬ್ರ. ಹುಚ್ಚ ಮಂದಿ ನಾವು. ಪದ್ಧತಿ ಒಂದು ಉಳದೈತಿ. ನಿಮ್ಮದು, ದಣ್ಯಾರದು ಇಬ್ಬರದೂ ಅಳತಿ ತಗೋಬೇಕು. ಇಲ್ಲಂದ್ರ ಗ್ವಾಡಿ ನಿಂದ್ರಂಗಿಲ್ಲ."

ಚನ್ನೇಶ ಕುಣಿದಾಡಿದ. ಪೂಜಾಳನ್ನು ಕರೆದ. ಕೈ ಅಗಲಿಸಿ ನಿಂತ. ಶಂಭುಲಿಂಗ ಬೈದುಕೊಂಡೇ ಬಂದ. ಕ್ಯಾಮೆರಾ ನೋಡಿ ಮೀಸೆ ತಿರುವಿದ. ಅಕ್ಕ ನೂಲು ಹಿಡಿದಳು. ನಮ್ಮ ನೆರಳು ನೀರಿಗೆ ಬೀಳಬಾರದೆಂದವನ ಹೊಟ್ಟೆಯ ಸುತ್ತ ಅಕ್ಕನ ಕೈ ತಿರುಗಿತು. ಅವನು ಉಸಿರು ಹಿಡಿದಿದ್ದ.

"ಬಗ್ರಿ ದಣ್ಯಾರ."

ಬಗ್ಗಿದ.

"ಇನ್ನೂ ಬಗ್ರಿ. ಮೊಳಕೈ ಅಗಲ ಮಾಡ್ರಿ. ಡಬ್ಬಿ ಎಳೀತೀರಿ ಅಂತ ತಿಳ್ಕೊಳ್ರಿ."

ಅಕ್ಬರಸಾಬ ಟಿಪ್ಪರಿನ ಹಿಂದೆ ಹೋಗಿ ಬಾಯಿಗೆ ಅರಿವೆ ತುರುಕಿಕೊಂಡ.

ಶಿಗ್ಗಾಂವಿಯಲ್ಲಿ ಅವರ ಬಳಗದ ಮದುವೆ ಇತ್ತು. ಮಾವ ಅಳಿಯ ಇಬ್ಬರೂ ಮೂರು ದಿನ ಹೋದರು. ಮೂರು ದಿನ ಹಗಲಲ್ಲೇ, ಎಲ್ಲರ ಕಣ್ಣೆದುರೇ ಕೆಲಸ ಮಾಡಿದೆವು. ನಾನು ದುಂಡಗೆ ಮಾಡಿದ ನಾಕು ಬಾಗಿಲನ್ನೂ ನಾನೇ ಒಡೆದೆ. ಅಕ್ಕ ಹೊಸ ಮಣ್ಣು ತುಳಿದಳು. ಅಷ್ಟು ಜೋರಾಗಿ ತುಳಿದದ್ದನ್ನು ನಾನು ಕಂಡಿಲ್ಲ. ಎರಡು ಬಾಗಿಲು ಎತ್ತರ, ಕಿರಿದು. ಎರಡು ಬಾಗಿಲು ಗಿಡ್ಡ, ನಡುವೆ ಗಡಿಗೆಯ ಹಾಗೆ ಉಬ್ಬು. ನೂಲುಗಳನ್ನು ನೆತ್ತಿಯ ಹಸಿ ಮಣ್ಣಿನಲ್ಲಿ ಒತ್ತಿದೆವು. ಅಕ್ಬರಸಾಬ ನಾಲ್ಕನೇ ಇಯತ್ತೆಯವರೆಗೆ ಓದಿದ್ದ. ಕಡ್ಡಿ ತೆಗೆದುಕೊಂಡು ಬಾಗಿಲ ಮೇಲೆ ಹೆಸರು ಬರೆದ. ನಾಲಿಗೆ ಹೊರಗೆ ಚಾಚಿಕೊಂಡು ನಿಧಾನಕ್ಕೆ ಬರೆದ. ಒಣಗಿ ಕಲ್ಲಾಯಿತು. ಮೇಲೆ ಈಚಲ ಚಾಪೆ ಇಳಿಬಿಟ್ಟೆವು. ಮದುವೆಯಿಂದ ಬಂದವರು ಚಾಪೆ ನೋಡಿ ಚೆಂದ ಎಂದರು. ಎತ್ತಿ ನೋಡಲಿಲ್ಲ. ಆ ಕಡೆ ಅವರು ಯಾಕೆ ಬರುತ್ತಾರೆ?

ಉದ್ಘಾಟನೆಯ ದಿನ ನೂರೈವತ್ತು ಮಂದಿ. ಬಾಳೆಎಲೆ ಊಟ, ಎರಡು ಪಾಯಸ. ಮಧ್ಯಾಹ್ನ ಮೂರರ ಹೊತ್ತಿಗೆ ನಾಕೂ ಡಬ್ಬಿ ತುಂಬಿ ಮೇಲೆ ಬಂದಿದ್ದವು. ಬೂದಿ ಮುಗಿದಿತ್ತು. ಗಾಳಿ ಸಮುದ್ರದ ಕಡೆಯಿಂದ ಬೀಸುತ್ತಿತ್ತು.

ನೀಲಾಂಬಿಕಾ ಎಂಬ ದೊಡ್ಡ ಮೇಡಂ ಅತಿಥಿ. ಚನ್ನೇಶ ಅವರನ್ನು ಹಿಂದಕ್ಕೆ ಕರೆತಂದ. ಹಿಂದೆ ಮಂದಿ, ಕ್ಯಾಮೆರಾ, ಮೈಕು.

"ಇದು ನಮ್ಮ ಕಟ್ಟಡದ ಹೃದಯ," ಎಂದು ಚನ್ನೇಶ ಮೈಕಿನಲ್ಲಿ ಹೇಳಿದ. "ಇಲ್ಲಿ ಏನೂ ವ್ಯರ್ಥವಾಗುವುದಿಲ್ಲ. ಹಾವೇರಿ ಕಡೆ ಒಂದು ಅದ್ಭುತ ಪದ್ಧತಿ ಇದೆ. ಒಳಗೆ ದುಡಿಯುವವರ ಮೈ ಅಳತೆಗೆ ಬಾಗಿಲು ಮಾಡುತ್ತಾರೆ. ಯಾರ ಅಳತೆಯೋ ಅವರದೇ ಬಾಗಿಲು. ಈ ನಾಕು ಬಾಗಿಲು ಆ ಪದ್ಧತಿಗೆ ನಮ್ಮ ನಮಸ್ಕಾರ."

ಎಂದು ಹೇಳಿ ತಾನೇ ಚಾಪೆ ಎತ್ತಿದ.

ಮೇಡಂ ಕನ್ನಡಕ ಸರಿಮಾಡಿಕೊಂಡು ಓದಿದರು. "ಚನ್ನೇಶ. ಚನ್ನೇಶ. ಶಂಭುಲಿಂಗ. ಶಂಭುಲಿಂಗ." ಸುತ್ತ ನೋಡಿದರು. "ಇವ್ರಿಬ್ರೇ ಏನ್ರಿ ನಿಮ್ಮ ಕೆಲಸದವ್ರು?"

"ನಿಮ್ಮ ಮಗ್ಗಲಕ ನಿಂತಾರಲ್ರಿ ಮೇಡಂ," ಎಂದ ಅಕ್ಬರಸಾಬ. "ಮೀಸಿ ಇರೋರು ಒಬ್ರು, ಇಲ್ಲದವ್ರು ಒಬ್ರು."

ಯಾರೋ ನಕ್ಕರು. ಮೈಕು ಕಿರುಚಿತು. ಚನ್ನೇಶನ ಮುಖ ಸುಣ್ಣವಾಯಿತು. ಶಂಭುಲಿಂಗ ಮಂದಿಯನ್ನು ತಳ್ಳಿಕೊಂಡು ಬಂದ.

"ಏ ಶಾರೀ! ಡಬ್ಬಿ ತುಂಬ್ಯಾವು. ಒಳಗ ಹೋಗಲೇ. ಮಂದಿ ಮುಂದ ನಾಟಕಾ ಮಾಡ್ತಿ?"

"ಇದು ನನ್ನ ಅಳತಿ ಅಲ್ರಿ."

"ಎತ್ತು ಅಂದ್ನಿ."

"ಎತ್ತಂಗಿಲ್ಲ."

"ನಿಮ್ಮವ್ವ ಎತ್ತಿದ್ಲು. ನಿಮ್ಮಜ್ಜಿ ಎತ್ತಿದ್ಲು."

"ಎತ್ತಿದ್ರು. ಅವರೂ ನನ್ನ ಕೂಡ ಹೇಳಾಕತ್ತಾರ. ಎತ್ತಂಗಿಲ್ಲ."

ಅವನು ಕೈ ಎತ್ತಿದ. ನಾನು ಅಡ್ಡ ಹೋದೆ. ನನ್ನ ಬಾಯಿಗೆ ಬಿತ್ತು. ಇಲ್ಲಿ ನೋಡಿ, ಈ ಸಂದಿ. ಕಬ್ಬಿಣದ ಸರಳು ಕಚ್ಚಿ ಮುರಿದಾಗ ಹೋದ ಹಲ್ಲು ಎಂದು ಊರಿಗೆಲ್ಲ ಹೇಳುತ್ತೇನೆ. ಸುಳ್ಳು. ಅಲ್ಲಿ ಹೋದದ್ದು.

ಅಕ್ಕ ಹಿಂದೆ ಸರಿಯಲಿಲ್ಲ. ಮೂಲೆಯಲ್ಲಿದ್ದ ಹೊಲಸು ಬಳಿಯುವ ತಗಡು ತೆಗೆದುಕೊಂಡಳು. ಅವನ ಎದೆಗೆ ಒತ್ತಿ ಹಿಡಿದಳು.

"ಎಡಗೈ ಮೊದಲ ಹಾಕ್ರಿ ದಣ್ಯಾರ. ಆಮ್ಯಾಲ ತಲಿ. ನಿಮ್ಮ ಹೊಟ್ಟಿಗಿ ಜಾಗಾ ಬಿಟ್ಟೇವಿ. ನೋವಾಗಂಗಿಲ್ಲ."

ತಗಡು ಅವನ ಕಾಲ ಮೇಲೆ ಬಿತ್ತು. ಅಕ್ಕ ತಿರುಗಿ ನೇರ ಗುಂಡಿಗೆ ಹೋದಳು. ಉಳಿದ ಕೆಸರಿನಲ್ಲಿ ಎರಡೂ ಕಾಲು ಮೊಣಕಾಲಿನವರೆಗೆ ಅದ್ದಿದಳು. ಅಲ್ಲಿಂದ ಮುಂದಿನ ಕಡೆ ನಡೆದಳು. ಮುಂಬಾಗಿಲಿನಿಂದ ಒಳಗೆ. ಕನ್ನಡಿಯಂಥ ನೆಲದ ಮೇಲೆ ಒಂದೊಂದೇ ಹೆಜ್ಜೆ ಇಟ್ಟಳು. ಗೋಡೆಯ ಮೇಲೆ ಅವಳ ಕಾಲು, ನೆಲದ ಮೇಲೆ ಅವಳ ಕಾಲು. ಚೌಕಟ್ಟಿನ ಗಾಜು ಮೊಣಕೈಯಿಂದ ಒಡೆದಳು. ನೂಲು ತೆಗೆದುಕೊಂಡಳು. ಸೊಂಟಕ್ಕೆ ಸಿಕ್ಕಿಸಿಕೊಂಡಳು. ಬಂದ ಬಾಗಿಲಿನಿಂದಲೇ ಹೊರಗೆ ಹೋದಳು. ಪೂಜಾ ಕ್ಯಾಮೆರಾ ಹಿಡಿದಿದ್ದಳು. ಅವತ್ತು ಅಕ್ಕನ ಮುಖ ತೆಗೆದಳು. ಆ ಚಿತ್ರ ಎಲ್ಲೂ ಬರಲಿಲ್ಲ.

ಹಾನಗಲ್ಲಿನ ಚಹಾದಂಗಡಿಯಲ್ಲಿ ಹೇಳುವಾಗ ಇದರ ಮುಂದೆ, ಶಂಭುಲಿಂಗ ಆ ಬಾಗಿಲಿನಲ್ಲಿ ಹೊಕ್ಕು ಸಿಕ್ಕಿಕೊಂಡ, ಮಳೆಗಾಲದವರೆಗೆ ಅಲ್ಲೇ ಇದ್ದ, ಮೀನಿನವರು ಊಟ ಕೊಟ್ಟರು ಎಂದು ಸೇರಿಸುತ್ತೇನೆ. ಮಂದಿ ಹೊಟ್ಟೆ ಹಿಡಿದು ನಗುತ್ತಾರೆ. ಆದರೆ ಇವತ್ತು ಕಾಲಿನ ಮೇಲೆ ಆಣೆ ಇದೆ. ಅವನು ಹೊಗಲಿಲ್ಲ. ಮೇಡಂ ತಲೆ ಆಡಿಸಿದರು, ಕಾರು ಹತ್ತಿದರು. ಪಾಯಖಾನೆಗೆ ಬೀಗ ಹಾಕಿದರು. ಬಾಗಿಲುಗಳನ್ನು ಸಿಮೆಂಟಿನಿಂದ ಮುಚ್ಚಿದರು. ಭೂಮಿಗೆ ಭಾರವಾಗಬಾರದೆಂದವರೇ ಸಿಮೆಂಟು ತರಿಸಿದರು. ನಮ್ಮ ಮೇಲೆ ಗಾಜು ಒಡೆ‌ದ ಕೇಸು ಹಾಕಿದರು. ಶಂಭುಲಿಂಗ ಫೋನು ಮಾಡಿದ. ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು, ನಾಕು ತಾಲೂಕಿನಲ್ಲೂ ಮೈಲಾರಿಗೆ ಕೆಲಸ ಕೊಡಬೇಡಿ ಎಂದ. ಯಾರೂ ಕೊಡಲಿಲ್ಲ. ವರ್ಷದ ಮೇಲಾಯಿತು, ನೀವೇ ಮೊದಲು ಬಂದವರು.

ಕೆಲಸ ಇರಲಿಲ್ಲವಲ್ಲ, ಕೈ ಖಾಲಿ ಇತ್ತು. ಅಕ್ಕನ ತಗಡಿನ ಗುಡಿಸಲಿಗೆ ಮಣ್ಣಿನ ಗೋಡೆ ಎಬ್ಬಿಸಿದೆ. ಆ ನೂಲು ಹಿಡಿದೆ. ನೆತ್ತಿಯ ಗಂಟಿಗಿಂತ ಒಂದು ಗೇಣು ಮೇಲೆ ಬಾಗಿಲು ಇಟ್ಟೆ. ಒಳಗೆ ಹೋಗುವಾಗಲೂ ಹೊರಗೆ ಬರುವಾಗಲೂ ಅಕ್ಕ ತಲೆ ಬಗ್ಗಿಸುವ ಹಾಗಿಲ್ಲ. ಚಿಲಕ ಹಾಕಿಕೊಂಡು ಮೂರು ದಿನ ಮಲಗಿದಳು. ನಾನೇ ಹೋಗಿ ಬಡಿದೆ. "ಯಾರದು? ಆಮ್ಯಾಲ ಬಾ," ಎಂದಳು.

ಈಗ ನಿಮ್ಮ ಸುರುಳಿ ಬಿಚ್ಚಿ. ಪ್ರವಾಸಿಗಳಿಗೆ ಮಣ್ಣಿನ ಮನೆ ಕಟ್ಟಿಸಬೇಕು ಎಂದಿರಲ್ಲ. ಚೆಂದ ಇದೆ. ಇದು ಜಗಲಿ. ಇದು ಅಡುಗೆಮನೆ. ಇಲ್ಲಿ ಹಿಂದೆ, ಈ ಮೂಲೆಯಲ್ಲಿ, ಸಣ್ಣ ಚೌಕ ಬರೆದಿದ್ದೀರಿ. ಅದರ ಹೆಸರು ಬರೆದಿಲ್ಲ. ಇರಲಿ, ನಾನು ಕೇಳುವುದಿಲ್ಲ. ಕಟ್ಟಿಕೊಡುತ್ತೇನೆ.

ಅಕ್ಕಾ, ನೂಲು ಕೊಡು.

ಏಳಿ ಸಾಹೇಬರೇ. ಚಹಾದ ಲೋಟ ಕೆಳಗಿಡಿ. ಗೋಡೆಯ ಕಡೆ ಮುಖ ಮಾಡಿ. ಇನ್ನು ಬಗ್ಗಿ. ಮೊಣಕೈ ಅಗಲ ಮಾಡಿ. ಉಸಿರು ಮಾತ್ರ ಹಿಡಿಯಬೇಡಿ. ಅಳತೆ ಸಣ್ಣದಾದರೆ ನಾಳೆ ಸಿಕ್ಕಿಕೊಳ್ಳುವವರು ನೀವೇ.